ಡಾಲಸ್ ಚಳಿಗೆ ಯಾವ ಪಾಮ್ ತಾಳುತ್ತೆ?

ಅಮೆರಿಕದ ಡಾಲಸ್ ಕಡೆ ಮನೆ ಮಾಡಿದ ನಮ್ಮವರಿಗೆ ಹಿತ್ತಲಲ್ಲಿ ಒಂದು ತೆಂಗು ಬೇಕು ಅನ್ನೋ ಆಸೆ. ಸಹಜವೇ. ಆದರೆ ತೆಂಗು, ಅಡಿಕೆ ಎರಡೂ ನೀರು ಹೆಪ್ಪುಗಟ್ಟುವ ಚಳಿ ತಾಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಕ್ವೀನ್ ಪಾಮ್, ಪಿಗ್ಮಿ ಡೇಟ್ ಪಾಮ್ ನೋಡೋಕೆ ಚೆಂದ, ಅಲ್ಲಿನ ಚಳಿಗಾಲಕ್ಕೆ ಮಾತ್ರ ಆಗಿಬರುವುದಿಲ್ಲ. ವಿಂಡ್‌ಮಿಲ್ ಪಾಮ್ ಹಾಕಿ. ಚೆನ್ನಾಗಿ ಬೇರು ಬಿಟ್ಟ ಮರ ಸುಮಾರು ಮೈನಸ್ 12 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆದುಕೊಳ್ಳುತ್ತದೆ. ಪೊದೆಯಷ್ಟೇ ಸಾಕು ಅನ್ನುವವರಿಗೆ ನೀಡಲ್ ಪಾಮ್, ಸೇಬಲ್ ಮೈನರ್ ಇನ್ನೂ ಗಟ್ಟಿ.

ಗಿಡ ನೆಡುವುದು ವಸಂತದಲ್ಲಿ. ಬಿಸಿ ಮಣ್ಣಿನಲ್ಲೇ ಪಾಮ್ ಬೇರು ಓಡುವುದು. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಪಕ್ಕ ಜಾಗವಿದ್ದರೆ ಬಿಡಬೇಡಿ.

2021ರ ಫೆಬ್ರವರಿ 16ರಂದು ಅಲ್ಲಿ ಮೈನಸ್ 19ರ ಹತ್ತಿರ ಇಳಿದಿತ್ತು. ಅಂಥ ಚಳಿ ಅಪರೂಪ, ಆದರೂ ಮುನ್ಸೂಚನೆ ಬಂದ ದಿನವೇ ಕೈಹಾಕಬೇಕು. ಹಗಲಲ್ಲಿ ಬುಡಕ್ಕೆ ಚೆನ್ನಾಗಿ ನೀರು ಕೊಡಿ, ಒದ್ದೆ ಮಣ್ಣು ಬಿಸಿ ಹಿಡಿದಿಡುತ್ತದೆ. ಸುಳಿಗೆ ಮಾತ್ರ ನೀರು ತಾಗಿಸಬೇಡಿ. ಗರಿಗಳನ್ನು ಮೇಲಕ್ಕೆ ಎತ್ತಿ ಸಡಿಲವಾಗಿ ಕಟ್ಟಿ, ಮೇಲೆ ಗೋಣಿತಾಟೋ ಹಳೇ ಕಂಬಳಿಯೋ ಸುತ್ತಿ. ಒಳಗೆ ಕ್ರಿಸ್‌ಮಸ್ ದೀಪದ ಸರ ಬಿಟ್ಟರೆ ಒಳ್ಳೆಯದು. ಹಳೇ ಕಾಲದ ಬಿಸಿಯಾಗುವ ಬಲ್ಬೇ ಬೇಕು, ಎಲ್‌ಇಡಿ ಸುಮ್ನೆ ಅಲಂಕಾರ. ಪ್ಲಾಸ್ಟಿಕ್ ಹಾಳೆ ಗರಿಗೆ ಅಂಟಿಕೊಂಡರೆ ತಾಗಿದಲ್ಲೆಲ್ಲ ಚಳಿಗೆ ಸುಟ್ಟಂತಾಗುತ್ತದೆ. ಹಿಮ ಕರಗಿ ಬಿಸಿಲು ಬಂದ ಮೇಲೆ ಬಿಚ್ಚಿಬಿಡಿ, ಇಲ್ಲದಿದ್ದರೆ ಒಳಗೆ ಬೆವರಿ ಕೊಳೆಯುತ್ತದೆ.

ಆಮೇಲೆ ಗರಿ ಕಂದಾಯಿತು ಅಂತ ಕತ್ತರಿ ಹಿಡಿದು ಓಡುವವರೇ ಜಾಸ್ತಿ. ತಾಳಿ. ಒಣಗಿದ ಗರಿಯೂ ಸುಳಿಗೆ ಮರೆಯಾಗಿರುತ್ತದೆ, ಹಸಿರು ಉಳಿದದ್ದು ಮರಕ್ಕೆ ಊಟ. ನೋಡಬೇಕಾದದ್ದು ನಡುವಿನ ಬಿಚ್ಚದ ಗರಿಯನ್ನು. ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬಿಗಿಯಾಗಿದ್ದರೆ ಮರ ಕ್ಷೇಮ. ಕಿತ್ತು ಬಂದು, ಬುಡ ಮೆತ್ತಗಾಗಿ ನಾತ ಹೊಡೆದರೆ ಸುಳಿ ಕೊಳೆತಿದೆ. ಹಾಗಂತ ಮರ ಕಡಿಸಬೇಡಿ. ಕೊಳೆತದ್ದನ್ನು ತೆಗೆದು, ತಾಮ್ರದ ಶಿಲೀಂಧ್ರನಾಶಕವನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ ಸುಳಿಗೆ ಸುರಿಯಿರಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮಲೆನಾಡಿನವರಿಗೆ ಇದೇನು ಹೊಸದಲ್ಲ, ಅಲ್ವಾ? ಬದುಕಿದ್ದರೆ ಬೇಸಿಗೆ ಹೊತ್ತಿಗೆ ಹೊಸ ಗರಿ ಬರುತ್ತದೆ. ಮೊದಮೊದಲು ಸೊಟ್ಟ, ಗಿಡ್ಡ ಬಂದರೂ ಕತ್ತರಿಸಬೇಡಿ.