ಹಳೆಯ ಹಾರ್ಡ್‌ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ: ವಿಂಡೋಸ್ ಅನ್ನು ಇದ್ದ ಹಾಗೇ ಸಾಗಿಸುವ ಬಗೆ

ಆರೇಳು ವರ್ಷದ ಲ್ಯಾಪ್‌ಟಾಪ್ ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿಗಲು ನಾಲ್ಕೈದು ನಿಮಿಷ ಹಿಡಿಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಕಾಲಂ 100%ರಲ್ಲೇ ನಿಂತಿದ್ದು ಸಿಪಿಯು ಸುಮ್ಮನೆ ಕೂತಿದ್ದರೆ ತೊಡಕು ಹಾರ್ಡ್‌ಡಿಸ್ಕ್‌ನದೇ. ಅದರ ಜಾಗಕ್ಕೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಬಂದರೆ ಯಂತ್ರ ಚುರುಕಾಗುತ್ತದೆ. ಇದಕ್ಕಾಗಿ ವಿಂಡೋಸ್ ಹೊಸದಾಗಿ ಹಾಕಬೇಕಿಲ್ಲ, ಇಡೀ ಡಿಸ್ಕನ್ನು ಕ್ಲೋನ್ ಮಾಡಿದರೆ, ಅಂದರೆ ಇದ್ದಂತೆಯೇ ಹೊಸದಕ್ಕೆ ಕಾಪಿ ಮಾಡಿದರೆ ಸಾಕು. ಪ್ರೋಗ್ರಾಂಗಳು, ಪ್ರಿಂಟರ್ ಸೆಟ್ಟಿಂಗ್, 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಎಲ್ಲವೂ ಇದ್ದಲ್ಲೇ ಇರುತ್ತವೆ. ಯುನಿಕೋಡ್‌ಗೆ ಮುಂಚಿನ ಕನ್ನಡ ಫೈಲುಗಳನ್ನು ಈಗಲೂ ತೆರೆಯಬೇಕಾದ ಡಿಟಿಪಿ ಅಂಗಡಿಗಳಿಗೆ ಇದು ಸಣ್ಣ ಮಾತಲ್ಲ. ಆ ಫಾಂಟ್ ಇಲ್ಲದಿದ್ದರೆ ಕನ್ನಡ ಪತ್ರ ಪೂರ್ತಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ.

ಕಾಪಿ ನಡೆಯುವ ಹೊತ್ತಿನಲ್ಲಿ ಕೆಲಸ ಕೆಡುವುದು ಕಡಿಮೆ. ಮೊದಲೇ ನೋಡಿಕೊಳ್ಳಬೇಕಾದ್ದನ್ನು ನೋಡದೆ, ಹೊಸ ಡ್ರೈವ್‌ನಿಂದ ಮೊದಲ ಸಲ ಬೂಟ್ ಮಾಡುವಾಗ (ಯಂತ್ರ ಶುರು ಮಾಡುವಾಗ) ಅವಸರಪಟ್ಟು ಕೆಡಿಸಿಕೊಳ್ಳುವವರೇ ಹೆಚ್ಚು.

ಯಾವ ಡ್ರೈವ್, ಎಷ್ಟು ದೊಡ್ಡದು

ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ (ಹಾರ್ಡ್‌ಡಿಸ್ಕ್ ಬಳಸುವ ಅದೇ ಕನೆಕ್ಟರ್‌ನ) ಎಸ್‌ಎಸ್‌ಡಿ ನೇರವಾಗಿ ಹೊಂದುತ್ತದೆ. ಅದರ ದಪ್ಪ 7 ಮಿ.ಮೀ. ಹಳೆಯ ಡಿಸ್ಕ್ 9.5 ಮಿ.ಮೀ. ಇದ್ದರೆ ಹೊಸದು ಸ್ವಲ್ಪ ಅಲುಗಾಡುತ್ತದೆ, 2.5 ಮಿ.ಮೀ.ನ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿದರೆ ಸರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತೆಳ್ಳಗಿನ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಕೂಡ ಇರುತ್ತದೆ. ಸ್ಲಾಟ್ ಕಂಡ ಮಾತ್ರಕ್ಕೆ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಬಗೆಯ) ಡ್ರೈವ್ ತರಬೇಡಿ. ಕೆಲವು ಸ್ಲಾಟ್ ಸಾಟಾ ಡ್ರೈವನ್ನು ಮಾತ್ರ ಒಪ್ಪುತ್ತವೆ, ಕೆಲವು ಎನ್‌ವಿಎಂಇ ಮಾತ್ರ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುವಲ್ ನೋಡಿಯೇ ಕೊಳ್ಳಿ.

ತುಂಬ ಜನ ಎಡವುವುದು ಗಾತ್ರದಲ್ಲಿ. 500 ಜಿಬಿ ಡಿಸ್ಕಿನಲ್ಲಿ 976773168 ಸೆಕ್ಟರ್‌ಗಳಿವೆ (ಡೇಟಾ ಇಡುವ ಪುಟ್ಟ ತುಂಡುಗಳು), 480 ಜಿಬಿ ಎಸ್‌ಎಸ್‌ಡಿಯಲ್ಲಿ 937703088. ವಿಂಡೋಸ್ ಲೆಕ್ಕದಲ್ಲಿ 465 ಮತ್ತು 447 ಜಿಬಿ. ಒಳಗೆ 150 ಜಿಬಿ ಮಾತ್ರ ತುಂಬಿದ್ದರೂ, ಪಾರ್ಟಿಷನ್‌ಗಳು (ಡಿಸ್ಕನ್ನು ಹಂಚಿದ ಭಾಗಗಳು) ಡಿಸ್ಕಿನ ಕೊನೆಯವರೆಗೂ ಚಾಚಿಕೊಂಡಿರುವ ಕಾರಣ ನೇರ ಕ್ಲೋನ್ ಆಗುವುದಿಲ್ಲ. ಅಷ್ಟೇ ಅಥವಾ ಅದಕ್ಕಿಂತ ದೊಡ್ಡದು ತಂದರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. 1 ಟಿಬಿ ಡಿಸ್ಕಿನಿಂದ 500 ಜಿಬಿಗೆ ಇಳಿಯಲೇಬೇಕಿದ್ದರೆ ಎಸ್‌ಎಸ್‌ಡಿ ಕಂಪನಿಯೇ ಕೊಡುವ ಸಾಧನ ಬಳಸಿ. ಸ್ಯಾಮ್‌ಸಂಗ್‌ಗೆ ಅದರದೇ ಇದೆ, ಕ್ರೂಷಲ್‌ಗೆ ಅಕ್ರಾನಿಸ್ ಇದೆ. ಅವು ವಿಂಡೋಸ್ ಒಳಗೇ ಓಡಿ ಪಾರ್ಟಿಷನ್ ಕುಗ್ಗಿಸಿಕೊಂಡು ಕಾಪಿ ಮಾಡುತ್ತವೆ.

ಇನ್ನು ಬೇಕಾದದ್ದು: ಎಸ್‌ಎಸ್‌ಡಿಯನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ 3.0ರ ಸಾಟಾ ಕೇಬಲ್, ಪೆನ್‌ಡ್ರೈವ್, ಪಿಎಚ್0 ಮತ್ತು ಪಿಎಚ್1 ಅಳತೆಯ ಸ್ಟಾರ್ (ಫಿಲಿಪ್ಸ್) ಸ್ಕ್ರೂಡ್ರೈವರ್. ಕೇಬಲನ್ನು ನೀಲಿ ಪೋರ್ಟಿಗೇ ಚುಚ್ಚಿ. ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 30-35 ಎಂಬಿ ಸಿಕ್ಕರೆ ಹೆಚ್ಚು. ಮುಕ್ಕಾಲು ಗಂಟೆಯಲ್ಲಿ ಮುಗಿಯಬಹುದಾದ 200 ಜಿಬಿ ಅಲ್ಲಿ ಒಂದೂಮುಕ್ಕಾಲು ಗಂಟೆ ತಿನ್ನುತ್ತದೆ.

ಮುಟ್ಟುವ ಮುಂಚೆ

ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿ ಹಳೆಯ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿ, 'ಪೆಂಡಿಂಗ್ ಸೆಕ್ಟರ್' ಸಾಲಿನಲ್ಲಿ ಸೊನ್ನೆಗಿಂತ ಹೆಚ್ಚಿನ ಅಂಕಿ ಇದ್ದರೆ ಓದಲಾಗದ ಜಾಗಗಳು ಈಗಾಗಲೇ ಹುಟ್ಟಿಕೊಂಡಿವೆ ಎಂದರ್ಥ. ಆಗ ಕ್ಲೋನ್ ಬದಿಗಿಟ್ಟು ಫೋಟೊ, ಲೆಕ್ಕಪತ್ರ, ದಾಖಲೆಗಳನ್ನು ಇನ್ನೊಂದು ಡ್ರೈವಿಗೆ ತೆಗೆದಿಡಿ. ಡಿಸ್ಕ್ ಕಟ್ ಕಟ್ ಎಂದು ಸದ್ದು ಮಾಡುತ್ತಿದ್ದರಂತೂ ಒಂದು ನಿಮಿಷವೂ ತಡಮಾಡಬೇಡಿ. ಡಿಸ್ಕ್ ಚೆನ್ನಾಗಿದ್ದರೂ ಮುಖ್ಯ ಫೈಲುಗಳ ಬೇರೆ ಪ್ರತಿ ಇರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಎರಡನೆಯದು ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕಿನ ಡೇಟಾವನ್ನು ಗೂಢಲಿಪಿಯಾಗಿಸುವ (ಎನ್‌ಕ್ರಿಪ್ಷನ್) ವಿಂಡೋಸ್ ವ್ಯವಸ್ಥೆ. ವಿಂಡೋಸ್ 11 ಬಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೇ ತಿಳಿಯದಂತೆ 'ಡಿವೈಸ್ ಎನ್‌ಕ್ರಿಪ್ಷನ್' ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ ನೋಡಿ. ಮೈಕ್ರೋಸಾಫ್ಟ್ ಖಾತೆಯಲ್ಲಿರುವ 48 ಅಂಕಿಯ ರಿಕವರಿ ಕೀಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ ಗೂಢಲಿಪಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಹಾಗೆಯೇ ಬಿಟ್ಟರೆ ಕ್ಲೋನ್ ಸಾಧನಕ್ಕೆ ಎಲ್ಲಿ ಫೈಲಿದೆ, ಎಲ್ಲಿ ಖಾಲಿಯಿದೆ ಎಂದು ಕಾಣದೆ ಖಾಲಿ ಜಾಗವನ್ನೂ ಒಂದೊಂದೇ ಸೆಕ್ಟರ್ ಕಾಪಿ ಮಾಡುತ್ತಾ ಕೂರುತ್ತದೆ.

ಮೂರನೆಯದು, ಸಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ಒಳಗಿನ 'ಚೆಕ್' ಒತ್ತಿ ದೋಷ ಸರಿಪಡಿಸಿ. ಬಳಿಕ ಶಿಫ್ಟ್ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ. ಬರೀ ಶಟ್‌ಡೌನ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಆ ಸ್ಥಿತಿಯ ಡ್ರೈವನ್ನು ಲಿನಕ್ಸ್ ಸಾಧನಗಳು (ಮುಂದೆ ಬಳಸುವ ಕ್ಲೋನ್‌ಜಿಲ್ಲಾ ಅಂಥದ್ದೇ) ಮುಟ್ಟಲು ಒಪ್ಪುವುದಿಲ್ಲ.

ಕ್ಲೋನ್

ಕ್ಲೋನ್‌ಜಿಲ್ಲಾ ಉಚಿತ ಸಾಧನ. ನೋಡಲು ಒರಟು, ಆದರೆ ವಿಂಡೋಸ್ ಓಡದಿರುವಾಗ ಕಾಪಿ ಮಾಡುವುದರಿಂದ ತೆರೆದ ಫೈಲುಗಳ ತಕರಾರಿಲ್ಲ. ಅದರ ಐಎಸ್‌ಒ (ಬೂಟ್ ಡಿಸ್ಕಿನ ಪ್ರತಿಯ ಫೈಲು) ಇಳಿಸಿಕೊಂಡು ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವ್, ಎಸ್‌ಎಸ್‌ಡಿಯ ಕೇಬಲ್ ಎರಡನ್ನೂ ಚುಚ್ಚಿ, ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್‌ನಿಂದ ಬೂಟ್ ಆಗದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ಸೆಟ್ಟಿಂಗ್) ಸೆಕ್ಯೂರ್ ಬೂಟನ್ನು, ಅಂದರೆ ಸಹಿಯಿರುವ ತಂತ್ರಾಂಶಕ್ಕೆ ಮಾತ್ರ ಬೂಟ್ ಆಗಲು ಬಿಡುವ ಕಾವಲನ್ನು ತಾತ್ಕಾಲಿಕವಾಗಿ ಆಫ್ ಮಾಡಿ.

ಮೆನುವಿನಲ್ಲಿ ಡಿವೈಸ್-ಡಿವೈಸ್, ಬಿಗಿನರ್ ಮೋಡ್, ಡಿಸ್ಕ್ ಟು ಲೋಕಲ್ ಡಿಸ್ಕ್ ಆರಿಸುತ್ತಾ ಹೋಗಿ. ಈಗ ಬರುವುದು ಮೂಲ ಯಾವುದು, ಗುರಿ ಯಾವುದು ಎಂಬ ಪ್ರಶ್ನೆ. ಪರದೆಯಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳ ಪಕ್ಕದಲ್ಲಿ ಗಾತ್ರ, ಮಾಡೆಲ್ ಸಂಖ್ಯೆ ಇರುತ್ತವೆ. ಎಸ್‌ಡಿಎ ಎಂದರೆ ಹಳೆಯದು ಎಂದುಕೊಳ್ಳಬೇಡಿ, ಆ ಕ್ರಮ ಬದಲಾಗುತ್ತದೆ. ಎರಡು ಡ್ರೈವಿನ ಮಾಡೆಲ್ ಸಂಖ್ಯೆಯನ್ನೂ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಇಲ್ಲಿ ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿ ನಿಮ್ಮ ಡೇಟಾದ ಮೇಲೆ ಕಾಪಿಯಾಗುತ್ತದೆ. 'ವೈ' ಒತ್ತುವಂತೆ ಒಂದಕ್ಕಿಂತ ಹೆಚ್ಚು ಸಲ ಕೇಳುತ್ತದೆ, ಪ್ರತಿ ಸಲವೂ ನಿಂತು ಓದಿ.

ಪಾರ್ಟಿಷನ್ ಟೇಬಲ್ ಬಗ್ಗೆ ಕೇಳಿದಾಗ ಎರಡೂ ಡ್ರೈವ್ ಹೆಚ್ಚುಕಡಿಮೆ ಒಂದೇ ಗಾತ್ರದ್ದಾಗಿದ್ದರೆ ಕೆ0 (ಹಳೆಯ ಪಾರ್ಟಿಷನ್ ಅಳತೆ ಹಾಗೇ ಇಡುವುದು), ಹೊಸದು ಇಮ್ಮಡಿ ದೊಡ್ಡದಿದ್ದರೆ ಕೆ1 (ಹೊಸ ಗಾತ್ರಕ್ಕೆ ತಕ್ಕಂತೆ ಹಿಗ್ಗಿಸುವುದು) ಆರಿಸಿ. ಕೆ0 ಆರಿಸಿ ಉಳಿದ ಜಾಗವನ್ನು ಆಮೇಲೆ ಸಿ ಡ್ರೈವಿಗೆ ಸೇರಿಸಲು ಹೋದರೆ 'ಎಕ್ಸ್‌ಟೆಂಡ್' ಮಂಕಾಗಿ ಕೂತಿರಬಹುದು. ಸಿ ಮತ್ತು ಖಾಲಿ ಜಾಗದ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುವುದೇ ಕಾರಣ. ಜಿಪಾರ್ಟೆಡ್ ಎಂಬ ಪಾರ್ಟಿಷನ್ ಸಾಧನದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಆ ರಿಕವರಿ ಪಾರ್ಟಿಷನ್ ಅನ್ನು ಕೊನೆಗೆ ಸರಿಸಬೇಕಾಗುತ್ತದೆ.

ಚಾರ್ಜರ್ ಹಾಕಿಯೇ ಇಡಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್‌ನ ಬ್ಯಾಟರಿ ಕಾಯುತ್ತದೆ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇ ಬೇಕು. ಕೇಬಲ್ ಅಲುಗಿ ಸಂಪರ್ಕ ತಪ್ಪಿದರೆ ಮೊದಲಿನಿಂದ ಮಾಡಬೇಕು, ಹಾಗಾಗಿ ಎಸ್‌ಎಸ್‌ಡಿಯನ್ನು ನೇತಾಡಲು ಬಿಡದೆ ಮೇಜಿನ ಮೇಲೆ ಮಲಗಿಸಿ.

ಅದಲುಬದಲು, ಮೊದಲ ಬೂಟ್

ಚಾರ್ಜರ್ ತೆಗೆಯಿರಿ. ಕೆಳಗಿನ ಮುಚ್ಚಳದ ಸ್ಕ್ರೂಗಳು ಒಂದೇ ಉದ್ದದವಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಗೀಚಿ, ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಕೀಬೋರ್ಡ್ ಕಡೆ ಉಬ್ಬುತ್ತದೆ. ಒಳಗೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಡಿಸ್ಕನ್ನು ಹಿಡಿದ ತಗಡಿನ ಚೌಕಟ್ಟು ಬಿಚ್ಚಿ ಎಸ್‌ಎಸ್‌ಡಿಗೆ ತೊಡಿಸಿ, ಕನೆಕ್ಟರಿಗೆ ನೇರವಾಗಿ ತಳ್ಳಿ. ಎಂ.2 ಆದರೆ ಓರೆಯಾಗಿ ತೂರಿಸಿ, ಕೆಳಕ್ಕೆ ಒತ್ತಿ ಸ್ಕ್ರೂ ಹಾಕಿ.

ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕ್ ಯಂತ್ರಕ್ಕೆ ತಾಗಿರಲೇಬಾರದು, ಯುಎಸ್‌ಬಿಯಲ್ಲೂ ಬೇಡ. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಹಳೆಯದರಿಂದಲೇ ಬೂಟ್ ಆಗಬಹುದು.

ಎನ್‌ವಿಎಂಇಗೆ ಹೋದಾಗ 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ ಬಂದರೆ ಹೆದರಬೇಡಿ. ಎನ್‌ವಿಎಂಇ ಡ್ರೈವರ್ ಬೂಟ್ ಹೊತ್ತಿಗೆ ಏಳುವಂತೆ ಇನ್ನೂ ದಾಖಲಾಗಿಲ್ಲ, ಅಷ್ಟೆ. ರಿಪೇರಿ ಪರದೆಯಿಂದ ಒಮ್ಮೆ ಸೇಫ್ ಮೋಡ್‌ಗೆ ಹೋಗಿ ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬೂಟ್ ಡಿವೈಸೇ ಇಲ್ಲ ಎಂದರೆ ಬಯಾಸ್‌ನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೊದಲಿದೆಯೇ ನೋಡಿ. ಹಳೆಯ ಡಿಸ್ಕ್ ಎಂಬಿಆರ್ (ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ) ಆಗಿದ್ದರೆ ಬಯಾಸ್ ಲೆಗಸಿ ಮೋಡ್‌ನಲ್ಲೇ (ಹಳೆಯ ಬೂಟ್ ವಿಧಾನ) ಇರಬೇಕು. ಆ್ಯಕ್ಟಿವೇಷನ್ ಬಗ್ಗೆ ಚಿಂತೆ ಬೇಡ, ಡಿಜಿಟಲ್ ಲೈಸೆನ್ಸ್ ನೆಚ್ಚಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡನ್ನು.

ವಿಂಡೋಸ್ ತೆರೆದುಕೊಂಡ ಮೇಲೆ 'ಡಿಫ್ರಾಗ್ಮೆಂಟ್ ಆ್ಯಂಡ್ ಆಪ್ಟಿಮೈಜ್ ಡ್ರೈವ್ಸ್' ತೆರೆಯಿರಿ. ಸಿ ಎದುರು 'ಸಾಲಿಡ್ ಸ್ಟೇಟ್ ಡ್ರೈವ್' ಎಂದಿರಬೇಕು. ಇನ್ನೂ ಹಾರ್ಡ್‌ಡಿಸ್ಕ್ ಎಂದೇ ಇದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವಿನ್‌ಸ್ಯಾಟ್ ಫಾರ್ಮಲ್' (winsat formal) ಓಡಿಸಿ, ಅದು ಡ್ರೈವನ್ನು ಮತ್ತೆ ಅಳೆದು ಗುರುತಿಸುತ್ತದೆ. ಆಫ್ ಮಾಡಿದ್ದ ಸೆಕ್ಯೂರ್ ಬೂಟ್, ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡಿ.

ಹಳೆಯ ಡಿಸ್ಕನ್ನು ಎರಡು ವಾರವಾದರೂ ಹಾಗೇ ಎತ್ತಿಡಿ. ಆಮೇಲೆ ಯುಎಸ್‌ಬಿಗೆ ಹಾಕಿದಾಗ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 'ಆಫ್‌ಲೈನ್' ಎಂದು ಕಾಣಬಹುದು. ಅದು ಗುರುತಿನ ಸಂಖ್ಯೆಯ ಘರ್ಷಣೆ. ಅದನ್ನು 'ಆನ್‌ಲೈನ್' ಮಾಡಿದ ಗಳಿಗೆಗೆ ವಿಂಡೋಸ್ ಹೊಸ ಸಂಖ್ಯೆ ಬರೆಯುತ್ತದೆ, ಅಲ್ಲಿಂದ ಮುಂದೆ ಆ ಡಿಸ್ಕ್‌ನಿಂದ ಬೂಟ್ ಆಗದೆ ಹೋಗಬಹುದು. ಎಸ್‌ಎಸ್‌ಡಿಯಲ್ಲಿ ಎಲ್ಲ ಸರಿಯಿದೆ ಎಂದು ಖಾತ್ರಿಯಾಗುವ ತನಕ 'ಆನ್‌ಲೈನ್' ಒತ್ತಬೇಡಿ.