ಮುಳುಗುತ್ತಿದ್ದ ಕಂಪನಿಯಲ್ಲಿ ನಾನು ಉಳಿದುಕೊಂಡಿದ್ದು ಯಾಕೆ, ಹೇಗೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಬೆಳೆಗಾರರ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸುವ ಕಾರ್ಖಾನೆ) ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಕಂಪನಿ ಸಾಲದಲ್ಲಿದೆ ಅಂತ ಸಂಬಳ ತಡ ಆಗೋಕೆ ಮೊದಲೇ ಗೊತ್ತಾಗಿತ್ತು, ಬೆಳೆಗಾರರಿಗೆ ಕೊಡುವ ಚೆಕ್‌ಗೆ ಮುಂದಿನ ತಾರೀಖು ಹಾಕು ಅಂತ ನನಗೇ ಹೇಳುತ್ತಿದ್ದರಲ್ಲ! ಆದರೂ ತಕ್ಷಣ ಬಿಡಲಿಲ್ಲ.

ಉಳಿದಿದ್ದಕ್ಕೆ ಲಾಭವೇ ಆಯಿತು. ಹಳಬರು ಒಬ್ಬೊಬ್ಬರಾಗಿ ಬಿಟ್ಟರು, ಅವರ ಕೆಲಸ ಉಳಿದವರ ತಲೆಗೆ ಬಂತು. ಹಾಗೆ ಸ್ಯಾಂಪಲ್ ಟ್ರೇ ನನ್ನ ಟೇಬಲ್‌ಗೆ ಬಂತು. ತೇವಾಂಶ ನೋಡೋದು, ಸಿಪ್ಪೆ ತೆಗೆಸಿ ತೂಕ ಮಾಡಿ ಔಟ್‌ಟರ್ನ್ (ಒಂದು ಚೀಲಕ್ಕೆ ಎಷ್ಟು ಬೀಜ ಸಿಗುತ್ತೆ ಅನ್ನೋದು) ಲೆಕ್ಕ ಹಾಕೋದು, ಜರಡಿ ಹಿಡಿದು ಗ್ರೇಡ್ ಮಾಡೋದು ಎಲ್ಲ ಕಲಿತೆ. 50 ಕೆಜಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ 26 ಕೆಜಿ ಬೀಜ ಬಂತಾ, 28 ಬಂತಾ ಅನ್ನೋದರ ಮೇಲೆ ಬೆಳೆಗಾರರ ದುಡ್ಡು ನಿಂತಿರುತ್ತದೆ. ಕಪ್ಪು ಬೀಜ, ಬೋರರ್ ಹುಳು ಕೊರೆದ ಬೀಜ ನೋಡಿದ ಕೂಡಲೇ ಹಿಡಿಯೋಕೆ ಒಂದು ಸೀಸನ್ನೇ ಬೇಕಾಯಿತು. ಚೆನ್ನಾಗಿ ನಡೆಯುವ ಕಂಪನಿಯಲ್ಲಿ ಅಕೌಂಟ್ಸ್‌ನವನಿಗೆ ಯಾರು ಇದನ್ನೆಲ್ಲ ಮುಟ್ಟೋಕೆ ಬಿಡುತ್ತಾರೆ ಹೇಳಿ? ಈಗ ಹಾಸನದಲ್ಲಿ ಸಿಕ್ಕಿರುವ ಕೆಲಸಕ್ಕೆ ಲೆಕ್ಕಪತ್ರದ ಪ್ರಶ್ನೆ ಕೇಳಿದ್ದೇ ಕಮ್ಮಿ, ಬೀಜದ ಬಗ್ಗೆಯೇ ಜಾಸ್ತಿ ಕೇಳಿದರು.

ಕಷ್ಟ ಅಂದ್ರೆ ಕೌಂಟರ್‌ನಲ್ಲಿ ಕೂರೋದು. ಆಲ್ದೂರು, ಮೂಡಿಗೆರೆ ಕಡೆಯ ಬೆಳೆಗಾರರು ಬಾಕಿ ಕೇಳೋಕೆ ಬರುತ್ತಿದ್ದರು. "ನಿನ್ನ ಮುಖ ನೋಡಿ ಲೋಡ್ ಇಳಿಸಿದ್ದು ಕಣಪ್ಪಾ, ನಿಮ್ಮ ಓನರ್ ಈಗ ಫೋನೇ ಎತ್ತಲ್ಲ" ಅಂದರು ಒಬ್ಬ ಹಿರಿಯರು. ಅವತ್ತಿಂದ 'ಮುಂದಿನ ವಾರ ಬನ್ನಿ' ಅನ್ನೋದು ಬಿಟ್ಟೆ. ಬಾಕಿ ಎಷ್ಟು, ಗೋದಾಮಿನಲ್ಲಿ ಅವರ ಚೀಲ ಎಷ್ಟಿದೆ ಅಂತ ಬರೆದು, ಸೀಲ್ ಹಾಕಿ ಕೊಡೋಕೆ ಶುರು ಮಾಡಿದೆ. ಮ್ಯಾನೇಜರ್ ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ, ಸಂತೆಯಲ್ಲಿ ಈ ಬೆಳೆಗಾರರ ಎದುರು ಓಡಾಡಬೇಕಾದವನು ನಾನು ತಾನೇ?

ಸಂಬಳ ತಡ ಆದರೆ ಸಹಿಸುತ್ತೇನೆ, ಪಿಎಫ್ ನಿಂತರೆ ಕೆಲಸ ಹುಡುಕುತ್ತೇನೆ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನಮ್ಮಿಂದ 12% ಹಿಡಿದ ಮೇಲೆ, ಕಂಪನಿಯವರು ತಮ್ಮ ಪಾಲೂ ಸೇರಿಸಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪೇ ಸ್ಲಿಪ್‌ನಲ್ಲಿ ಹಿಡಿದು ಪಾಸ್‌ಬುಕ್‌ಗೆ ಹಾಕಿಲ್ಲ ಅಂದ್ರೆ ನಮ್ಮ ದುಡ್ಡಲ್ಲೇ ಕಂಪನಿ ನಡೀತಿದೆ ಅಂತ ಅರ್ಥ. ಹಾಗಾಗಿ ಪ್ರತಿ ತಿಂಗಳೂ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡುತ್ತಿದ್ದೆ. ಒಂದು ತಿಂಗಳು ಬರಲಿಲ್ಲ. ಪೇ ಸ್ಲಿಪ್, ನೇಮಕಾತಿ ಪತ್ರ, ಫಾರ್ಮ್ 16 ಎಲ್ಲದರ ಕಾಪಿ ಮನೆಗೆ ತಂದಿಟ್ಟು ಅರ್ಜಿ ಹಾಕೋಕೆ ಶುರು ಮಾಡಿದೆ.

ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು) 5 ವರ್ಷ ತುಂಬೋಕೆ ಸ್ವಲ್ಪವೇ ಬಾಕಿ ಇತ್ತು, ಅದನ್ನು ತುಂಬಿಸಿಯೇ ರಾಜೀನಾಮೆ ಕೊಟ್ಟೆ. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. 30 ದಿನದಲ್ಲಿ ಕೊಡಬೇಕು ಅನ್ನುತ್ತದೆ ಕಾನೂನು. ಕಾರ್ಮಿಕ ಇಲಾಖೆಗೆ ಹೋದ ಮೇಲೆ ಕಂತು ಕಂತಾಗಿ ಬಂತು. ಕೊನೆಯ ತಿಂಗಳುಗಳ ಪಿಎಫ್ ಇನ್ನೂ ಬಂದಿಲ್ಲ, ದೂರು ಕೊಟ್ಟಿದ್ದೇನೆ.