ಬಾಗಬೇಕಾದ್ದು ಸೊಂಟವಲ್ಲ

ಮರಾಠಿಯಲ್ಲಿ ‘ಪಾಠ್’ ಎಂದರೆ ಬೆನ್ನು. ಪುಣೆಗೆ ಬಂದ ಹೊಸತರಲ್ಲಿ, ಯೋಗದ ತರಗತಿಯಲ್ಲಿ ಆ ಪದ ಕೇಳಿದಾಗಲೆಲ್ಲ ಯಾವ ಪಾಠ ಎಂದು ಪಕ್ಕದವರ ಮುಖ ನೋಡುತ್ತಿದ್ದೆ. ಅರ್ಥವಾದದ್ದು ಆಮೇಲೆ, ಅಂಗೈ, ಪಾದ ನೆಲಕ್ಕೂರಿ ಮೈಯನ್ನು ಬಿಲ್ಲಿನಂತೆ ಮೇಲೆತ್ತುವ ಊರ್ಧ್ವ ಧನುರಾಸನಕ್ಕೆ ಹುಮ್ಮಸ್ಸಿನಲ್ಲಿ ಹೋಗಿ ಸೊಂಟ ಹಿಡಿದು ನಾಲ್ಕು ದಿನ ಮಲಗಿದಾಗ.

ಸೊಂಟ ಕರೆದರೆ ಬರುವ ಕೂಸು. ಪಕ್ಕೆಲುಬು ಬಿಗಿದುಕೊಂಡ ಮೇಲ್ಬೆನ್ನು ಹಟಮಾರಿ. ಹಿಂದಕ್ಕೆ ಬಾಗು ಎಂದರೆ ಸೊಂಟವೇ ಎಲ್ಲ ಭಾರ ಹೊತ್ತುಕೊಳ್ಳುತ್ತದೆ. ಮೇಲ್ಬೆನ್ನಿಗೂ ಕೆಲಸ ಹಚ್ಚಲು ಕುರ್ಚಿ, ಇಟ್ಟಿಗೆ, ಹಗ್ಗ ಬೇಕು. ಇವನ್ನೆಲ್ಲ ಆಸನಕ್ಕೆ ಒಗ್ಗಿಸಿ ಜಗತ್ತಿಗೆ ಕೊಟ್ಟವರು ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದು ಇಲ್ಲಿಯವರೇ ಆದ ಬಿ.ಕೆ.ಎಸ್. ಅಯ್ಯಂಗಾರ್.

ಮೊದಲು ಕಂಬಳಿ. ಬಿಗಿಯಾಗಿ ಸುತ್ತಿ ಅಡ್ಡಲಾಗಿಟ್ಟು, ಹೆಗಲ ಮೂಳೆಗಳ ಕೆಳತುದಿ ಅದರ ಮೇಲೆ ಬರುವಂತೆ ಮಲಗಿ. ಮಂಡಿ ಮಡಿಸಿರಲಿ, ತಲೆ ನೆಲಕ್ಕೆ ತಾಗದಿದ್ದರೆ ದಿಂಬು ಇಡಿ. ಮೂರು ನಿಮಿಷ ಸಾಕು. ಏಳುವಾಗ ಬಲಕ್ಕೆ ಹೊರಳಿ. ಎರಡು ವಾರ ಇಷ್ಟೇ; ಬೇಜಾರಾದರೂ ಬಿಡಬೇಡಿ.

ಆಮೇಲೆ ಕುರ್ಚಿ. ನಾನು ಜುನಾ ಬಜಾರಿನಲ್ಲಿ ಹಳೆಯ ಕಬ್ಬಿಣದ ಮಡಚುವ ಕುರ್ಚಿ ಕೊಂಡು, ಒರಗುವ ತಗಡನ್ನು ವೆಲ್ಡಿಂಗ್‌ನವನಿಂದ ತೆಗೆಸಿದೆ. ‘ಒರಗೋಕೆ ಆಗದ ಕುರ್ಚಿ ಯಾರಿಗೆ?’ ಎಂದು ಅವನು ನಕ್ಕ. ಅದನ್ನು ಗೋಡೆಯಿಂದ ಎರಡಡಿ ದೂರಕ್ಕಿಟ್ಟು, ಸೀಟಿನ ಮೇಲೆ ಮ್ಯಾಟ್ ಹಾಸಿ, ಆ ಖಾಲಿ ಚೌಕಟ್ಟಿನೊಳಗೆ ಕಾಲು ತೂರಿಸಿ ಗೋಡೆಯತ್ತ ಮುಖ ಮಾಡಿ ಕೂರಿ. ಚೌಕಟ್ಟಿನ ಎರಡೂ ಬದಿ ಹಿಡಿದು, ಪೃಷ್ಠವನ್ನು ಗೋಡೆಯ ಕಡೆ ಸರಿಸುತ್ತ ನಿಧಾನ ಹಿಂದಕ್ಕೆ ಒರಗಿ. ಸೀಟಿನ ಅಂಚು ತಾಗಬೇಕಾದ್ದು ಹೆಗಲ ಮೂಳೆಯ ಕೆಳತುದಿಗೆ. ಅಂಚು ಎರಡು ಬೆರಳು ಕೆಳಗಿಳಿದರೂ ಭಾರ ಮತ್ತೆ ಸೊಂಟಕ್ಕೇ. ತಲೆಯ ಕೆಳಗೆ ಲೋಡುದಿಂಬು ಇರಲಿ, ಕುತ್ತಿಗೆ ಜೋತಾಡಬಾರದು. ಮಂಡಿ ಮಡಿಸಿ, ಪಾದ ನೆಲದ ಮೇಲೆ. ತಿಂಗಳು ಕಳೆದ ಮೇಲೆ ಕಾಲು ಚಾಚಿ ಗೋಡೆಗೆ ಒತ್ತಿ. ಏಳುವಾಗ ಎದೆ ಮೊದಲು, ತಲೆ ಕೊನೆಗೆ.

ಊರ್ಧ್ವ ಧನುರಾಸನಕ್ಕೆ ಆತುರ ಬೇಡ. ಹೋಗುವಾಗಲೂ ಗೋಡೆಗೆ ತಾಗಿಸಿಟ್ಟ ಎರಡು ಮರದ ಇಟ್ಟಿಗೆಗಳ ಮೇಲೆ ಕೈಯೂರಿ. ಭುಜ ಬಿಗಿಯಿದ್ದವರಿಗೂ ಮೇಲೇಳುವುದು ಹಗುರ. ಬಿ.ಪಿ., ಡಿಸ್ಕ್ ತೊಂದರೆ, ಗ್ಲಾಕೋಮಾ ಇದ್ದವರು, ಗರ್ಭಿಣಿಯರು ಗುರುಗಳ ಎದುರಲ್ಲದೆ ಇದ್ಯಾವುದನ್ನೂ ಮಾಡಬೇಡಿ.

ಮುಗಿದ ಕೂಡಲೇ ಮುಂದಕ್ಕೆ ಜೋರಾಗಿ ಬಗ್ಗಬೇಡಿ. ಅದೇ ಕುರ್ಚಿಯ ಮೇಲೆ ಮೀನಖಂಡ ಇಟ್ಟು ಐದು ನಿಮಿಷ ಅಂಗಾತ ಮಲಗಿ. ಎದ್ದಾಗ ಸೊಂಟ ಚುಳುಕ್ ಎಂದರೆ, ನಾಳೆ ಮತ್ತೆ ಕಂಬಳಿಗೆ.